ಪಂಪ್ ರೂಮಿನ ಮೊಳೆ

ವಕೀಲರಿಗೆ ನಿವೃತ್ತಿಯ ವಯಸ್ಸು ಎಂಬುದಿಲ್ಲ. ನಿಲ್ಲಲು ಶಕ್ತಿ ಇರುವವರೆಗೂ ಕಪ್ಪು ಕೋಟು ತೊಡಬಹುದು. ಕಳೆದ ವರ್ಷ ನಾನು ನನ್ನ ಕೋಟನ್ನು ಒಗೆಸಿ, ಇಸ್ತ್ರಿ ಹಾಕಿಸಿ, ಬೀರುವಿನಲ್ಲಿ ಇಟ್ಟುಬಿಟ್ಟೆ. ಕೇಳಿದವರಿಗೆಲ್ಲ ಮೊಣಕಾಲು ನೋವೆಂದು ಹೇಳಿದೆ. ಅದು ನಿಜವೇ. ಆದರೆ ಪೊಲೀಸ್ ಠಾಣೆಯ ವರದಿ, ಕಾರ್ಖಾನೆ ಇಲಾಖೆಯ ವರದಿ, ಆಸ್ಪತ್ರೆಯ ವರದಿ ಹೀಗೆ ಸರ್ಕಾರದ ಮೊಹರು ಬಿದ್ದ ಕಥನಗಳನ್ನು ಪ್ರಶ್ನಿಸುವುದನ್ನೇ ಕಸುಬು ಮಾಡಿಕೊಂಡವರು ದಿನವೂ ಒಂದಿಷ್ಟು ಹೆದರಿಕೆಯನ್ನು ಹೊತ್ತು ತಿರುಗಬೇಕಾಗುತ್ತದೆ. ಮೊಣಕಾಲಿಗಿಂತ ಮೊದಲು ದಣಿದದ್ದು ಆ ಹೊರೆ ಹೊತ್ತ ಹೆಗಲು.

ನನ್ನ ಬಳಿ ಕೆಲಸ ಕಲಿತ ಕಿರಿಯರು, "ಮೇಡಂ, ನೀವು ಗೆದ್ದ ಕೇಸುಗಳ ಬಗ್ಗೆ ಬರೀರಿ, ನಮಗೆ ಧೈರ್ಯ ಬರುತ್ತೆ" ಎಂದು ಒತ್ತಾಯಿಸುತ್ತಿದ್ದಾರೆ. ಧೈರ್ಯದ ವಿಷಯದಲ್ಲಿ ನಾನು ಬಲ್ಲದ್ದು ಬಹಳ ಕಡಿಮೆ. ಹೆದರಿಕೆಯ ವಿಷಯದಲ್ಲಿ ಸಾಕಷ್ಟು ಬಲ್ಲೆ. ಆದ್ದರಿಂದ ಅದನ್ನೇ ಬರೆಯುತ್ತೇನೆ. ಭಾಷೆಯಲ್ಲಿ ತಪ್ಪುಗಳಿದ್ದರೆ ಬಲ್ಲವರು ತಿದ್ದಬೇಕು. ನಮ್ಮ ಮನೆತನದಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲಿಗಳು. ಒಂದು ವಾಕ್ಯವನ್ನು ಬರೆದ ಮೇಲೆ ಅದು ಸರಿಯಿದೆಯೇ ಎಂದು ಮತ್ತೆ ಮತ್ತೆ ಓದಿ ನೋಡುವ ಅಭ್ಯಾಸ ಇಂದಿಗೂ ಹೋಗಿಲ್ಲ.

ನ್ಯಾಯಾಲಯದಲ್ಲಿ ಮೊದಲ ಬಾರಿಗೆ ಎದ್ದು ನಿಂತ ದಿನ ನಾನು ಇಂಗ್ಲಿಷಿನ ಒಂದೇ ವಾಕ್ಯವನ್ನು ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ವಾಯಿದೆ ಕೇಳುವ ವಾಕ್ಯವದು. ನ್ಯಾಯಾಧೀಶರು ನನ್ನ ಕಕ್ಷಿದಾರನ ಹೆಸರೇನೆಂದು ಕೇಳಿದರು. ನಾನು ಆ ವಾಕ್ಯವನ್ನು ಹೇಳಿದೆ. ಅವರು ಮತ್ತೊಮ್ಮೆ ಹೆಸರು ಕೇಳಿದರು. ನಾನು ಮತ್ತೊಮ್ಮೆ ಅದೇ ವಾಕ್ಯವನ್ನು, ಇನ್ನೂ ಗಟ್ಟಿಯಾಗಿ ಹೇಳಿದೆ. ನಗು ಎದ್ದಿತು. ಹಿಂದಿನ ಸಾಲಿನಲ್ಲಿ ಕುಳಿತಿದ್ದ ನನ್ನ ಸೀನಿಯರ್ ಎದ್ದುಬಂದು, "ಕನ್ನಡದಲ್ಲೇ ಹೇಳಮ್ಮ. ಜಡ್ಜ್ ಸಾಹೇಬ್ರೂ ಮನೇಲಿ ಕನ್ನಡದಲ್ಲೇ ಊಟ ಕೇಳ್ತಾರೆ" ಎಂದರು. ನ್ಯಾಯಾಧೀಶರೂ ನಕ್ಕರು. ಭೂಮಿ ಬಾಯಿ ಬಿಡಬಾರದೇ ಎನಿಸಿತು, ಅದು ಬಿಡಲಿಲ್ಲ.

ನನ್ನ ಸೀನಿಯರ್ ಪೀಣ್ಯದ ಎರಡನೆಯ ಹಂತದಲ್ಲಿ, ಬೇಕರಿಯೊಂದರ ಮೇಲಿನ ಕೋಣೆಯಲ್ಲಿ ಕಚೇರಿ ಇಟ್ಟುಕೊಂಡಿದ್ದರು. ಕೆಳಗೆ ಬನ್ನು ಬೇಯುವ ವಾಸನೆ, ಮೇಲೆ ಬೆರಳು ಕಳೆದುಕೊಂಡ ಕಾರ್ಮಿಕರ ಸಾಲು. ಅಲ್ಲಿ ನನಗೆ ಕೊಟ್ಟ ಮೊದಲ ಸ್ವತಂತ್ರ ಪ್ರಕರಣವೂ ಪವರ್ ಪ್ರೆಸ್ಸಿಗೆ ಕೈ ಸಿಕ್ಕಿಸಿಕೊಂಡ ಒಬ್ಬ ಕಾರ್ಮಿಕನದೇ. ಇಲಾಖೆಯ ವರದಿಯಲ್ಲಿ "ಸ್ವಂತ ಅಜಾಗರೂಕತೆ" ಎಂದಿತ್ತು. ನಾನು ಎದ್ದುನಿಂತು, ಈ ವರದಿ ಸುಳ್ಳು ಎಂದುಬಿಟ್ಟೆ.

"ನಿಮಗೆ ಹೇಗೆ ಗೊತ್ತು? ನೀವಲ್ಲಿದ್ರಾ?" ಎಂದು ನ್ಯಾಯಾಧೀಶರು ಕೇಳಿದರು. ನಾನು ಅಲ್ಲಿರಲಿಲ್ಲ. ಕುಳಿತುಕೊಂಡೆ.

ಅಂದು ಸೀನಿಯರ್ ಹೇಳಿಕೊಟ್ಟ ಕ್ರಮವನ್ನು ನಾನು ಕೊನೆಯವರೆಗೂ ಬಿಡಲಿಲ್ಲ. "ಸರ್ಕಾರದ ಕಥೆ ಎದುರಿಗೆ ನಿನ್ನ ಕಥೆ ನಿಲ್ಲಿಸೋಕೆ ಹೋಗ್ಬೇಡಮ್ಮ, ಸೋಲ್ತೀಯ. ಅವರ ಕಥೇನೇ ಅವರ ಬಾಯಿಂದ ಇನ್ನೊಂದ್ಸಲ ಹೇಳ್ಸು, ನಿಧಾನವಾಗಿ. ದೊಡ್ಡ ಪ್ರಶ್ನೆ ಕೇಳ್ಬೇಡ, ಅದಕ್ಕೆಲ್ಲ ಅವರು ತಯಾರಾಗಿ ಬಂದಿರ್ತಾರೆ. ಚಪ್ಪಲಿ ಎಲ್ಲಿತ್ತು, ಬಾಗಿಲಿಗೆ ಚಿಲಕ ಯಾವ ಕಡೆ, ಊಟದ ಡಬ್ಬಿ ಯಾರು ತೊಳೆದ್ರು, ಅಂಥವು ಕೇಳು."

ಕಾಲ ಬದಲಾಯಿತು, ವರದಿಗಳೂ ಬದಲಾದವು. ನಾನು ವೃತ್ತಿಗೆ ಬಂದಾಗ ಅವು ಕೈಬರಹದಲ್ಲಿರುತ್ತಿದ್ದವು. ಬರೆಯುವವರ ಕೈ ಎಲ್ಲಿ ತಡವರಿಸಿದೆ ಎಂಬುದು ಅಕ್ಷರದಲ್ಲೇ ಕಾಣುತ್ತಿತ್ತು. ಕಂಪ್ಯೂಟರ್ ಬಂದ ಮೇಲೆ ಒಂದು ಸಾವಿನ ವರದಿಯಲ್ಲಿ ಹೆಸರು ಬದಲಿಸಿ ಇನ್ನೊಂದು ಸಾವಿಗೆ ಬಳಸುವುದು ಸುಲಭವಾಯಿತು. ಸತ್ತವರೆಲ್ಲ ಒಂದೇ ರೀತಿ ಮದ್ಯಪಾನ ಮಾಡಿ, ಒಂದೇ ರೀತಿ ಕಾಲು ಜಾರಿ ಬಿದ್ದರು. ಆಮೇಲೆ ಕ್ಯಾಮೆರಾಗಳು ಬಂದವು. ಇನ್ನು ಸತ್ಯ ಅಡಗುವುದಿಲ್ಲ ಎಂದು ನಾವು ಸಂಭ್ರಮಿಸಿದೆವು. ನನ್ನ ಅನುಭವದಲ್ಲಿ ಕ್ಯಾಮೆರಾ ವರ್ಷವೆಲ್ಲ ಕೆಲಸ ಮಾಡುತ್ತದೆ, ಸಾವು ಸಂಭವಿಸಿದ ದಿನ ಮಾತ್ರ ಕೆಟ್ಟಿರುತ್ತದೆ.

ಇಷ್ಟನ್ನು ಪೀಠಿಕೆಯಾಗಿ ಹೇಳಿ, ನನ್ನನ್ನು ಎಲ್ಲಕ್ಕಿಂತ ಹೆಚ್ಚು ಹೆದರಿಸಿದ ಪ್ರಕರಣಕ್ಕೆ ಬರುತ್ತೇನೆ.

ವೈಟ್‌ಫೀಲ್ಡಿಗೆ ಮೆಟ್ರೋ ಬಂದ ಹೊಸತು. ಸೀನಿಯರ್ ತೀರಿಕೊಂಡು ಅವರ ಕಚೇರಿಯನ್ನು ನಾನೇ ನಡೆಸುತ್ತಿದ್ದೆ. ಒಂದು ಬೆಳಿಗ್ಗೆ ಮಲ್ಲವ್ವ ಎಂಬ ಹೆಣ್ಣುಮಗಳು ಕುಂದಲಹಳ್ಳಿಯಿಂದ ಮೆಟ್ರೋ ಬದಲಿಸಿಕೊಂಡು ಪೀಣ್ಯದವರೆಗೆ ಬಂದಿದ್ದಳು. ಜೊತೆಯಲ್ಲಿ ಅವಳ ತಮ್ಮ ಹನುಮಂತ. ಇಬ್ಬರೂ ಕೊಪ್ಪಳದ ಕಡೆಯವರು. ಅವಳ ಗಂಡ ಯಂಕಪ್ಪ, ದೊಡ್ಡದೊಂದು ಅಪಾರ್ಟ್‌ಮೆಂಟಿನ ಕೊಳಚೆ ನೀರು ಶುದ್ಧಿ ಮಾಡುವ ಟ್ಯಾಂಕಿನಲ್ಲಿ ಸತ್ತಿದ್ದ. ಪೊಲೀಸರ ವರದಿಯ ಪ್ರಕಾರ, ಅವನು ಭಾನುವಾರ ಯಾರೂ ಇಲ್ಲದ ಸಮಯ ನೋಡಿಕೊಂಡು, ಕುಡಿದ ಅಮಲಿನಲ್ಲಿ, ಮೋಟಾರಿನ ತಾಮ್ರದ ತಂತಿ ಕದಿಯಲು ಪಂಪ್ ರೂಮಿಗೆ ನುಗ್ಗಿ, ಆಯತಪ್ಪಿ ಅಲ್ಲಿನ ಟ್ಯಾಂಕಿನೊಳಗೆ ಬಿದ್ದಿದ್ದ. ಪ್ರಕರಣ ಮುಕ್ತಾಯವಾಗಿತ್ತು.

"ಸತ್ತಾವ ಸತ್ತ ಬಿಡ್ರೀ ಮೇಡಮ್ಮಾರ, ನನ್ನ ಹಣೇಬರ" ಎಂದು ಮಲ್ಲವ್ವ ಹೇಳಿದಳು. "ಕಳವು ಮಾಡಾಕ ಹೋಗಿದ್ದ ಅಂತ ಬರದಾರಲ್ಲ, ಅದನ್ನ ತಗಸ್ರೀ. ನಳದ ಹತ್ರ ಹೋದ್ರ, ಕೊಡಾ ನೋಡ್ಕೋರವ್ವಾ, ಕಳ್ಳನ ಹೇಂತಿ ಬಂದ್ಲು ಅಂತಾರ. ನನಗ ಎರಡು ಹೆಣ್ಣು ಅದಾವ್ರೀ. ಅವು ಕಳ್ಳನ ಮಕ್ಕಳಾಗಿ ಬೆಳೀಬೇಕೇನ್ರೀ?"

ಹನುಮಂತ ಗೋಡೆಗೆ ಆತು ನಿಂತಿದ್ದ. "ನಾನೂ ಅಲ್ಲೇ ಇದ್ದೆರೀ. ಪಾಪಣ್ಣಾರು ಇಬ್ಬರಿಗೂ ಹೋಗ್ರಿ ಅಂದ್ರು, ಹೋದ್ವಿ. ಟ್ಯಾಂಕ್ ಕಟ್ಟಿಕೊಂಡೈತಿ, ಇಳದು ತಗೀರಿ ಅಂದ್ರು. ಮಾಮಾ ಇಳದ. ನಾನು ಮ್ಯಾಲೆ ಹಗ್ಗ ಹಿಡಕೊಂಡಿದ್ದೆ. ಒಮ್ಮೆಲೆ ಹಗ್ಗ ಸಡಲಾತ್ರೀ."

ಪಾಪಣ್ಣನವರು ಯಾರೆಂದು ಇಲ್ಲಿ ಹೇಳಬೇಕು. ಅವರು ಕುಂದಲಹಳ್ಳಿಯ ಮೂಲ ಒಕ್ಕಲು ಮನೆತನದವರು. ಹೊಲವಿದ್ದ ಜಾಗದಲ್ಲಿ ಶೀಟಿನ ಕೋಣೆಗಳ ಸಾಲು ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದರು. ಬಾಡಿಗೆಗಿದ್ದವರನ್ನೇ ಅಪಾರ್ಟ್‌ಮೆಂಟುಗಳ ಕೆಲಸಕ್ಕೆ ಕಳುಹಿಸುತ್ತಿದ್ದರು. ಎಲ್ಲವೂ ಬಾಯಿಮಾತಿನ ವ್ಯವಹಾರ. ಅವರ ಕೋಣೆಯಲ್ಲಿದ್ದುಕೊಂಡು ಅವರು ಹೇಳಿದ ಕೆಲಸಕ್ಕೆ ಒಲ್ಲೆನೆನ್ನಲು ಯಾರಿಗೂ ಆಗುತ್ತಿರಲಿಲ್ಲ. ಮಲ್ಲವ್ವ ಮತ್ತು ಹನುಮಂತ ಇದ್ದದ್ದೂ ಅದೇ ಸಾಲಿನ ಅಕ್ಕಪಕ್ಕದ ಕೋಣೆಗಳಲ್ಲಿ.

ಕಣ್ಣಾರೆ ಕಂಡ ಸಾಕ್ಷಿಯೇ ಎದುರಿಗೆ ನಿಂತಿದ್ದನೆಂದು ನಾನು ನೆಮ್ಮದಿಪಟ್ಟೆ. ಕಿರಿಯರು ಈ ನೆಮ್ಮದಿಯನ್ನು ಎಂದೂ ನಂಬಬಾರದು. ಕೆಲಸದಲ್ಲಿರುವಾಗ ಸತ್ತವನೆಂದು ತೀರ್ಮಾನವಾದರೆ ಕಳ್ಳನೆಂಬ ಮಾತು ತಾನಾಗಿ ಬಿದ್ದುಹೋಗುತ್ತದೆ ಎಂಬ ಲೆಕ್ಕಾಚಾರದಲ್ಲಿ, ಅಪಾರ್ಟ್‌ಮೆಂಟಿನ ನಿರ್ವಹಣೆ ಮಾಡುತ್ತಿದ್ದ ಸಂಸ್ಥೆಯ ವಿರುದ್ಧ ಕಾರ್ಮಿಕ ಪರಿಹಾರದ ಅರ್ಜಿ ಹಾಕಿದೆ. ಸ್ಥಳ ನೋಡದೆ ವಾದ ಮಾಡಬಾರದೆಂಬುದು ಸೀನಿಯರ್ ಹೇಳಿಕೊಟ್ಟ ಇನ್ನೊಂದು ನಿಯಮ. ಆದ್ದರಿಂದ ಕುಂದಲಹಳ್ಳಿಗೆ ಹೋದೆ.

ಕೋಣೆಗಳ ಸಾಲಿನ ಮುಂದೆ, ಬೇವಿನ ಮರದ ಕೆಳಗೆ, ಪ್ಲಾಸ್ಟಿಕ್ ಕುರ್ಚಿಯಲ್ಲಿ ಪಾಪಣ್ಣನವರು ಕುಳಿತಿದ್ದರು. ನನ್ನನ್ನು ಕಂಡೊಡನೆ ಎದ್ದು ನಿಂತರು.

"ಬನ್ನಿ ಮೇಡಂ, ಬನ್ನಿ. ಬಿಸ್ಲಾಗೆ ಬಂದ್ಬಿಟ್ಟವ್ರೆ. ಯಾರ್ರೋ ಅಲ್ಲಿ, ಮೇಡಮ್‌ಗೆ ಒಂದ್ ಎಳ್ನೀರ್ ಕೆತ್ರೋ."

ಬೇಡವೆನ್ನಲು ಬಾಯಿ ಬರಲಿಲ್ಲ. ಎಳನೀರು ಕೈಗೆ ಬಂತು. ಅವರು ಎದುರಿಗೆ ಕುಳಿತು, ನಾನು ಕುಡಿಯುವುದನ್ನೇ ನೋಡುತ್ತಿದ್ದರು.

"ಇದು ನಮ್ ತಾತನ ಕಾಲ್ದ ರಾಗಿ ವೊಲ ಮೇಡಂ. ಎಲ್ಲಿಂದ್ಲೋ ಬಂದ ಜನಕ್ಕೆ ನೆಳ್ಳು ಕೊಟ್ಟಿವ್ನಿ. ಅಂತಾದ್ರಾಗೆ ನನ್ಮೇಲೇ ಕೇಸಂತೆ?"

"ನಿಮ್ಮ ಮೇಲೆ ಇನ್ನೂ ಯಾವ ಕೇಸೂ ಇಲ್ಲ" ಎಂದೆ.

"ಇನ್ನೂ ಅಂತೀರಾ!" ಅವರು ತೊಡೆ ತಟ್ಟಿಕೊಂಡು ನಕ್ಕರು. "ಓದಿದೋರು ನೋಡಿ, ಮಾತ್ನ ತೂಕಕ್ಕಾಕೇ ಆಡೋದು." ನಗು ನಿಲ್ಲಿಸದೆಯೇ ಮುಂದುವರಿಸಿದರು. "ನಿಮ್ ಮಗ್ಳು ದಿನಾ ಮೆಟ್ರೋದಾಗೇ ಕಾಲೇಜಿಗ್ ಓಯ್ತಾಳಂತೆ? ಒಳ್ಳೇದು, ಒಳ್ಳೇದು. ಉಸಾರಾಗಿ ಓಡಾಡಕ್ ಯೋಳಿ ಮೇಡಂ. ಕಾಲ ಸರಿಯಾಗಿಲ್ಲ."

ಎಳನೀರಿನ ಬುರುಡೆಯನ್ನು ಕೆಳಗಿಟ್ಟೆ. ನನಗೊಬ್ಬಳು ಮಗಳಿದ್ದಾಳೆಂದು ಅವರಿಗೆ ಹೇಳಿದವರು ಯಾರು? ಬೈಗುಳಕ್ಕೆ ಪ್ರತಿಯಾಗಿ ದೂರು ಕೊಡಬಹುದು. ಕ್ಷೇಮ ವಿಚಾರಿಸಿದವರ ಮೇಲೆ ಯಾವ ದೂರು ಕೊಡುವುದು? ಅವರಿಗೆ ನಮಸ್ಕಾರ ಹೇಳಿ, ಮಲ್ಲವ್ವನ ಕೋಣೆಯ ಕಡೆಗೆ ನಡೆದೆ.

ಕೋಣೆಯಲ್ಲಿ ಮಲ್ಲವ್ವನ ಕಿರಿಯ ಮಗಳು ನೆಲದ ಮೇಲೆ ಕುಳಿತು ಪುಸ್ತಕ ಓದುತ್ತಿದ್ದಳು. ಅವಳ ಕೊರಳಲ್ಲಿ ದೊಡ್ಡವರ ಅಳತೆಯ ಒಂದು ತಾಯತವಿತ್ತು, ಹೊಟ್ಟೆಯವರೆಗೆ ಇಳಿಬಿದ್ದಿತ್ತು. ಕೇಳಿದೆ.

"ಅವರಪ್ಪಂದು ಅದು. ಹುಲಿಗೆಮ್ಮನ ತಾಯತ. ಅಪಾರ್ಟ್‌ಮೆಂಟಿನವರು ಅವನ ಅಂಗಿ, ಫೋನು, ಇದನ್ನೂ ಕೊಟ್ರು" ಎಂದಳು ಮಲ್ಲವ್ವ.

ಹತ್ತಿರ ಹೋಗಿ ಬೆರಳಲ್ಲಿ ಹಿಡಿದು ನೋಡಿದೆ. ದಾರ ಎಲ್ಲಿಯೂ ಕತ್ತರಿಸಿರಲಿಲ್ಲ. ಅರಿಶಿನದ ಬಣ್ಣ ಹಾಗೆಯೇ ಇತ್ತು. ಟ್ಯಾಂಕಿನ ನೀರಿನಲ್ಲಿ ನೆನೆದ ದಾರ ಹಾಗಿರುವುದು ಸಾಧ್ಯವಿಲ್ಲ.

ಅದು ಏಕೆ ಹಾಗಿತ್ತೆಂದು ನನಗೆ ಆ ಕ್ಷಣವೇ ಗೊತ್ತಾಯಿತು. ಹೇಗೆ ಗೊತ್ತಾಯಿತೆಂಬುದನ್ನು ಬರೆಯಬೇಕಾದರೆ ನಾನು ಕಾಲೇಜಿನಲ್ಲಾಗಲಿ, ಬಾರ್ ಅಸೋಸಿಯೇಷನ್ನಿನಲ್ಲಾಗಲಿ ಯಾರೊಡನೆಯೂ ಆಡದ ಒಂದು ವಿಷಯವನ್ನು ಬರೆಯಬೇಕು. ನನ್ನ ತಂದೆ ಬೇಗೂರಿನಲ್ಲಿ ಮನೆಗಳ ಕಕ್ಕಸು ಗುಂಡಿ ಬಳಿಯುತ್ತಿದ್ದರು. ಗುಂಡಿಗೆ ಇಳಿಯುವ ಮೊದಲು ಅವರು ಕೊರಳಿನ ತಾಯತ ತೆಗೆದು, ಕಣ್ಣಿಗೊತ್ತಿಕೊಂಡು, ಆ ಮನೆಯ ಹಿತ್ತಲ ಬಾಗಿಲಿನ ಮೊಳೆಗೆ ಹಾಕುತ್ತಿದ್ದರು. ಹೊಲಸಿಗೆ ನಾವು ಇಳಿಯಬಹುದು, ದೇವರನ್ನು ಇಳಿಸಬಾರದು ಎನ್ನುತ್ತಿದ್ದರು. ಮೇಲೆ ಬಂದು, ಸ್ನಾನ ಮಾಡಿ, ಮತ್ತೆ ಹಾಕಿಕೊಳ್ಳುತ್ತಿದ್ದರು. ಜಾರಿ ಬೀಳುವವನ ಕೊರಳಿನ ತಾಯತ ಅವನ ಜೊತೆಯಲ್ಲೇ ಬೀಳುತ್ತದೆ. ತಾಯತ ತೆಗೆದಿಟ್ಟವನು ಕೆಲಸಕ್ಕೆಂದು ಇಳಿದವನು.

ಕಚೇರಿಗೆ ಮರಳಿದ ಕೆಲವೇ ದಿನಗಳಲ್ಲಿ ಠಾಣೆಯಿಂದ ಕರೆ ಬಂತು. ನಾನು ಸಾಕ್ಷಿಗೆ ಸುಳ್ಳು ಹೇಳಿಕೊಡುತ್ತಿದ್ದೇನೆಂದು ಯಾರೋ ಅರ್ಜಿ ಕೊಟ್ಟಿದ್ದರಂತೆ. ಇನ್‌ಸ್ಪೆಕ್ಟರ್ ನನ್ನನ್ನು ಹೊರಗಿನ ಬೆಂಚಿನಲ್ಲಿ ಮಧ್ಯಾಹ್ನದವರೆಗೆ ಕೂರಿಸಿದರು. ನನ್ನ ಪಕ್ಕದಲ್ಲಿ ಕೋಳವಿಲ್ಲದ ಒಬ್ಬ ಕಳ್ಳನಿದ್ದ. "ನೀವ್ ಯಾವ ಕೇಸಕ್ಕಾ?" ಎಂದು ಅವನು ಸ್ನೇಹದಿಂದ ವಿಚಾರಿಸಿದ. ಒಳಗೆ ಕರೆದಾಗ ಇನ್‌ಸ್ಪೆಕ್ಟರ್ ಕಡತದಿಂದ ತಲೆ ಎತ್ತದೆ ಮಾತನಾಡಿದರು.

"ಏನ್ ಲಾಯರಮ್ಮಾ, ನಮ್ಮ ರಿಪೋರ್ಟ್ ಸರಿ ಇಲ್ವಂತೆ?"

"ಇನ್ನೂ ಪ್ರಶ್ನಿಸಿಲ್ಲ ಸರ್. ಪ್ರಶ್ನಿಸುವ ಹಂತ ಬಂದಿಲ್ಲ."

"ಬರದೇ ಇರೋ ಹಾಗೆ ನೋಡ್ಕೊಳ್ಳಿ. ನಿಮ್ಮ ಸನ್ನದು ಹೋದ್ರೆ ಮನೇಲಿ ಕೂರ್ಬೇಕಾಗತ್ತೆ."

ಮನೆಗೆ ಬಂದು ಮಗಳಿಗೆ, ಇನ್ನು ಮುಂದೆ ಗೆಳತಿಯರ ಗುಂಪಿನಲ್ಲೇ ಹೋಗಿ ಬಾ ಎಂದೆ. ಏಕೆಂದು ಕೇಳಿದಳು. ನಾಯಿಗಳ ಕಾಟ ಹೆಚ್ಚಾಗಿದೆ ಎಂದೆ. "ಮೆಟ್ರೋದಲ್ಲಿ ನಾಯಿ ಎಲ್ಲಿಂದ ಬರುತ್ತಮ್ಮಾ?" ಎಂದು ನಕ್ಕಳು. ವಾದ ಮಾಡುವುದನ್ನು ನನ್ನಿಂದಲೇ ಕಲಿತಿದ್ದಳು.

ಸಾಕ್ಷ್ಯದ ದಿನ ಬಂತು. ಹನುಮಂತನ ಹೆಸರನ್ನು ಕೂಗಿದರು. ಅವನು ಕಟಕಟೆ ಹತ್ತಿ ಪ್ರಮಾಣ ಮಾಡಿದ. ಭಾನುವಾರ ಎಲ್ಲಿದ್ದಿರಿ ಎಂದು ಕೇಳಿದೆ.

"ಊರಿಗೆ ಹೋಗಿದ್ದೆರೀ."

ನಾನು ತಪ್ಪಾಗಿ ಕೇಳಿಸಿಕೊಂಡೆನೆಂದು ಭಾವಿಸಿ, ಪ್ರಶ್ನೆಯನ್ನು ಪುನಃ ಕೇಳಿದೆ.

"ನಾ ಅಲ್ಲಿ ಇರಲಿಲ್ರೀ. ನನಗೇನೂ ಗೊತ್ತಿಲ್ಲ." ಅವನು ನನ್ನ ಕಡೆಗೆ ನೋಡಲಿಲ್ಲ, ಅಕ್ಕನ ಕಡೆಗೂ ನೋಡಲಿಲ್ಲ. ನ್ಯಾಯಾಲಯದ ಬಾಗಿಲ ಕಡೆಗೆ ನೋಡುತ್ತಿದ್ದ. ಅಲ್ಲಿ ಪಾಪಣ್ಣನವರು ಬಿಳಿ ಅಂಗಿ ತೊಟ್ಟು, ಕೈಕಟ್ಟಿಕೊಂಡು, ದೇವಸ್ಥಾನದಲ್ಲಿ ನಿಂತಂತೆ ವಿನಯದಿಂದ ನಿಂತಿದ್ದರು.

ಹೊರಗೆ ಬಂದ ಮೇಲೆ ಮಲ್ಲವ್ವ ಅಳಲಿಲ್ಲ. "ಇನ್ನ ಮ್ಯಾಲೆ ನೀ ನನಗ ಅಕ್ಕ ಅನಬ್ಯಾಡ" ಎಂದು ತಮ್ಮನಿಗೆ ಹೇಳಿ, ಮೆಟ್ಟಿಲಿಳಿದು ಹೋದಳು. ಹನುಮಂತನನ್ನು ಬೈಯಲು ನನಗೆ ಮನಸ್ಸು ಬರಲಿಲ್ಲ. ಎಳನೀರನ್ನು ಬೇಡವೆನ್ನಲಾರದವಳು ನಾನು.

ಉಳಿದದ್ದು ಒಂದೇ ಅವಕಾಶ. ಸಂಸ್ಥೆಯ ಪರವಾಗಿ ಅಪಾರ್ಟ್‌ಮೆಂಟಿನ ಮ್ಯಾನೇಜರ್ ಸಾಕ್ಷ್ಯ ನುಡಿಯುವವರಿದ್ದರು, ನಾನು ಅವರನ್ನು ಪಾಟೀಸವಾಲಿಗೆ ಒಳಪಡಿಸಬೇಕಿತ್ತು. ತಮ್ಮಲ್ಲಿ ಟ್ಯಾಂಕನ್ನು ಯಂತ್ರದಿಂದ ಮಾತ್ರ ಶುಚಿಗೊಳಿಸಲಾಗುತ್ತದೆ, ಮನುಷ್ಯರು ಎಂದೂ ಇಳಿದದ್ದಿಲ್ಲ ಎಂದು ಅವರು ಪ್ರಮಾಣಪತ್ರ ಸಲ್ಲಿಸಿದ್ದರು. ತಾಯತದ ಪ್ರಶ್ನೆ ನನ್ನ ಬಳಿಯಿತ್ತು. ಆದರೆ ಉತ್ತರ ತಿಳಿಯದ ಪ್ರಶ್ನೆಯನ್ನು ಕೇಳಬಾರದೆಂದು ಎಲ್ಲ ವಕೀಲರಿಗೂ ಹೇಳಿಕೊಡುತ್ತಾರೆ. ಬಿದ್ದ ರಭಸಕ್ಕೆ ಕಳಚಿ ಹೊರಗೆ ಬಿದ್ದಿತ್ತು ಎಂದು ಅವರು ಹೇಳಿದರೆ ಅಲ್ಲಿಗೆ ಮುಗಿಯಿತು. ಇನ್ನೊಂದು ಭಯ ಇದಕ್ಕಿಂತ ಸಣ್ಣದು, ಆದರೆ ಹೆಚ್ಚು ಹಳೆಯದು. ಈ ಪದ್ಧತಿ ನಿಮಗೆ ಹೇಗೆ ಗೊತ್ತು ಎಂದು ಎದುರು ವಕೀಲರು ತುಂಬಿದ ಕೋರ್ಟಿನಲ್ಲಿ ಕೇಳಿಬಿಟ್ಟರೆ?

ಮ್ಯಾನೇಜರ್ ಚೆನ್ನಾಗಿ ಓದಿದ, ಮಾತಿನಲ್ಲಿ ಮರ್ಯಾದೆಯಿದ್ದ ಯುವಕರು. ನಾನು ಮೇಜಿನ ಅಂಚನ್ನು ಹಿಡಿದುಕೊಂಡು ಸಣ್ಣ ಪ್ರಶ್ನೆಗಳಿಂದ ಆರಂಭಿಸಿದೆ. ಪಂಪ್ ರೂಮಿನ ಬೀಗದ ಕೈ ಯಾರ ಬಳಿ ಇರುತ್ತದೆ? ಸೆಕ್ಯೂರಿಟಿಯವರ ಬಳಿ. ಬೀಗ ಮುರಿದಿತ್ತೇ? ಇಲ್ಲ. ಮೃತನ ವಸ್ತುಗಳನ್ನು ಕುಟುಂಬಕ್ಕೆ ಕೊಟ್ಟವರು ಯಾರು?

"ನಾನೇ ಮೇಡಂ. ಶರ್ಟು, ಫೋನು, ಆಮೇಲೆ ಅವರ ತಾಯತ. ಎಲ್ಲಾ ಸೇಫಾಗಿ ಹ್ಯಾಂಡೋವರ್ ಮಾಡಿದ್ವಿ."

"ತಾಯತವನ್ನು ಶವದ ಕೊರಳಿನಿಂದ ತೆಗೆದವರು ಯಾರು?"

"ಅಯ್ಯೋ, ಯಾರೂ ತೆಗೀಲಿಲ್ಲ ಮೇಡಂ." ಅವರಿಗೆ ನಿಜವಾಗಿಯೂ ನೋವಾದಂತಿತ್ತು. ಸತ್ತವನ ಕೊರಳಿಗೆ ಕೈ ಹಾಕಿದರೆಂಬ ಅಪವಾದ ಬಂತೆಂದು ಭಾವಿಸಿದರೆಂದು ತೋರುತ್ತದೆ. "ಅದು ಮೊಳೆ ಮೇಲಿತ್ತು. ನಾವು ಯಾರ ನಂಬಿಕೆಗೂ ಅಡ್ಡ ಬರಲ್ಲ. ಅವರಿಗೆ ಅಂತಲೇ ಪಂಪ್ ರೂಮಲ್ಲಿ ಒಂದು ಮೊಳೆ ಹೊಡೆಸಿದೀವಿ. ಇಳಿಯೋಕೆ ಮುಂಚೆ ಎಲ್ಲಾರೂ ಅಲ್ಲೇ ಹಾಕೋದು."

ನಾನು ಮುಂದಿನ ಪ್ರಶ್ನೆ ಕೇಳಲಿಲ್ಲ. ನ್ಯಾಯಾಧೀಶರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಎಲ್ಲಾರೂ ಅಂದ್ರೆ ಯಾರ್ರೀ?"

ಮ್ಯಾನೇಜರ್ ತಮ್ಮ ವಕೀಲರ ಕಡೆಗೆ ತಿರುಗಿ ನೋಡಿದರು. ಎದುರು ವಕೀಲರು ಚಂಗನೆ ಎದ್ದರು. "ಸ್ವಾಮಿ, ಸಾಕ್ಷಿ ಸ್ವಲ್ಪ ಕನ್‌ಫ್ಯೂಸ್ ಆಗಿದ್ದಾರೆ."

"ಕೂತ್ಕೊಳ್ಳಿ. ನಾನು ಕನ್‌ಫ್ಯೂಸ್ ಆಗಿಲ್ಲ" ಎಂದರು ನ್ಯಾಯಾಧೀಶರು.

ಯಂಕಪ್ಪನು ಟ್ಯಾಂಕ್ ಶುಚಿಗೊಳಿಸುವ ಕೆಲಸಕ್ಕಾಗಿಯೇ ಇಳಿದಿದ್ದನು, ಕಳ್ಳತನದ ಆರೋಪಕ್ಕೆ ಯಾವ ಆಧಾರವೂ ಇಲ್ಲ ಎಂದು ಆದೇಶವಾಯಿತು. ಅವನನ್ನು ಅಲ್ಲಿಗೆ ಕಳುಹಿಸಿದವರು ಯಾರೆಂಬುದು ಪೊಲೀಸ್ ತನಿಖೆಯ ವಿಷಯವೆಂದು ನ್ಯಾಯಾಧೀಶರು ಬರೆದರು. ಆ ಆದೇಶದೊಂದಿಗೆ ನಾನು ಸಲ್ಲಿಸಿದ ಅರ್ಜಿಯ ಮೇಲೆ ಪೊಲೀಸ್ ಮೇಲಧಿಕಾರಿಗಳು, ಬೇರೆ ಅಧಿಕಾರಿಯೊಬ್ಬರಿಗೆ ಮರುತನಿಖೆಯನ್ನು ಒಪ್ಪಿಸಿದರು. ವೃತ್ತಿಯ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತಾರೆ. ಆದರೆ ಮಲ್ಲವ್ವ ನಿಲ್ಲಲು ಬಿಡಲಿಲ್ಲ.

"ಕೋರ್ಟಿನ್ಯಾಗ ಹೇಳಿದ್ದು ಕೋರ್ಟಿನ್ಯಾಗ ಉಳೀತ್ರೀ. ನಳದ ಹತ್ರ ಬಂದು ಹೇಳ್ರೀ ಮೇಡಮ್ಮಾರ. ಎಲ್ಲಾರೂ ಇರೂ ಹೊತ್ತಿನ್ಯಾಗ."

ಮತ್ತೆ ಆ ಜಾಗಕ್ಕೆ ಹೋಗಲು ನನಗೆ ಸ್ವಲ್ಪವೂ ಇಷ್ಟವಿರಲಿಲ್ಲ. ಭಾನುವಾರ ಬೆಳಿಗ್ಗೆ ನೀರು ಬಿಡುವ ಹೊತ್ತಿಗೆ ಹೋದೆ. ಹೆಂಗಸರು ಕೊಡಗಳ ಸಾಲು ಹಿಡಿದು ನಿಂತಿದ್ದರು. ಗಂಡಸರು ಬಾಗಿಲುಗಳಲ್ಲಿ ಹಲ್ಲುಜ್ಜುತ್ತಿದ್ದರು. ಬೇವಿನ ಮರದ ಕೆಳಗೆ ಪಾಪಣ್ಣನವರ ಕುರ್ಚಿ ಇತ್ತು, ಕುರ್ಚಿಯಲ್ಲಿ ಅವರೂ ಇದ್ದರು. ನಾನು ಆದೇಶದ ಸಾರಾಂಶವನ್ನು ಸರಳ ಮಾತಿನಲ್ಲಿ ಹೇಳಿದೆ. ಯಂಕಪ್ಪನವರು ಕದಿಯಲು ಹೋಗಿರಲಿಲ್ಲ. ಅವರನ್ನು ಕೆಲಸಕ್ಕೆ ಕಳುಹಿಸಲಾಗಿತ್ತು. ಇದನ್ನು ನ್ಯಾಯಾಲಯ ಒಪ್ಪಿದೆ.

ಒಬ್ಬ ಮುದುಕಿ ಕೊಡವನ್ನು ಕೆಳಗಿಟ್ಟಳು. "ಹಂಗಾದ್ರ ಕಳಿಸಿದಾವ್ರು ಯಾರ್ರೀ?"

ಕುರ್ಚಿಯ ಕಡೆಗೆ ಯಾರೂ ನೋಡಲಿಲ್ಲ. ಯಾರೂ ನೋಡದಿದ್ದುದರಿಂದಲೇ ಎಲ್ಲರಿಗೂ ಗೊತ್ತಿದೆಯೆಂದು ಸ್ಪಷ್ಟವಾಗಿತ್ತು. ನನ್ನ ಕಣ್ಣ ಮುಂದೆ ಮಗಳು ಬಂದಳು. ತನಿಖೆಯಲ್ಲಿರುವ ವಿಷಯವನ್ನು ನಾನು ಹೇಳುವಂತಿಲ್ಲ ಎನ್ನಬಹುದಾಗಿತ್ತು. ಅದು ಸರಿಯಾದ ಉತ್ತರವೂ ಹೌದು.

"ಪಾಪಣ್ಣನವರು ಎಂದು ನನಗೆ ತಿಳಿದುಬಂದಿದೆ" ಎಂದೆ.

ಪಾಪಣ್ಣನವರು ಕುರ್ಚಿಯಿಂದ ಏಳಲಿಲ್ಲ. "ಕೋರ್ಟು ನನ್ನೆಸ್ರು ಯೋಳೈತಾ ಮೇಡಂ?"

"ಇಲ್ಲ."

"ಮತ್ತೆ?" ಅವರು ಸುತ್ತಲೂ ನೋಡಿ ನಕ್ಕರು. "ಕೇಳಿಸ್ಕಂಡ್ರಲ್ಲಪ್ಪಾ ಎಲ್ರೂವೆ. ಕೋರ್ಟು ಯೋಳಿಲ್ವಂತೆ."

"ಕೋರ್ಟಿಗೆ ನಾ ಹೇಳಿಲ್ಲರೀ, ಅದಕ್ಕ."

ಹನುಮಂತ ತನ್ನ ಕೋಣೆಯ ಬಾಗಿಲಲ್ಲಿ ನಿಂತಿದ್ದ. ಬಾಯಲ್ಲಿ ಇನ್ನೂ ಹಲ್ಲುಪುಡಿಯ ನೊರೆಯಿತ್ತು. ಅದನ್ನು ತೋಳಿನಿಂದ ಒರೆಸಿಕೊಂಡ. "ಇಳಿ ಅಂದಾವ್ರು ನೀವು. ಹಗ್ಗಾ ಹಿಡದಾವ ನಾನು."

ಪಾಪಣ್ಣನವರ ನಗು ನಿಂತಿತು. "ಏಯ್, ಯಾರ್ ಮನೇಲಿ ನಿಂತ್ಕಂಡು ಮಾತಾಡ್ತಿದೀಯ ಗೊತ್ತೇನ್ಲಾ?" ಎಂದರು. ಹನುಮಂತ ಬಾಗಿಲಿನಿಂದ ಇಳಿದು ರಸ್ತೆಗೆ ಬಂದು ನಿಂತ. ನಳದಲ್ಲಿ ನೀರು ಹರಿದುಹೋಗುತ್ತಿತ್ತು, ಯಾರೂ ಕೊಡ ಇಡಲಿಲ್ಲ.

ಅದು ಸಾಕ್ಷ್ಯವಲ್ಲವೆಂದು ಕಾನೂನು ಓದಿದವರಿಗೆ ಗೊತ್ತು. ನಳದ ಬಳಿ ಆಡಿದ ಮಾತನ್ನು ಮ್ಯಾಜಿಸ್ಟ್ರೇಟರ ಮುಂದೆ ಆಡಬೇಕು. ಹೊಸ ತನಿಖಾಧಿಕಾರಿ ಅದಕ್ಕೆ ದಿನ ಗೊತ್ತುಮಾಡಿಸಿದರು. ಅಂದು ಬೆಳಿಗ್ಗೆ ನ್ಯಾಯಾಲಯದ ಗೇಟಿನ ಬಳಿ ಹನುಮಂತ ಬಂದಿರಲಿಕ್ಕಿಲ್ಲವೆಂದುಕೊಂಡೇ ಹೋದೆ. ಬಂದಿದ್ದ. ಮಲ್ಲವ್ವ ಅವನಿಂದ ನಾಲ್ಕು ಮಾರು ದೂರದಲ್ಲಿ ಕುಳಿತಿದ್ದಳು.

"ಅಂಜಿಕಿ ಬರ್ತೈತ್ರೀ ಮೇಡಂ" ಎಂದ.

"ನನಗೂ ಬರುತ್ತದೆ" ಎಂದೆ. ಅವನು ಆಶ್ಚರ್ಯದಿಂದ ನನ್ನ ಕರಿ ಕೋಟನ್ನು ನೋಡಿದ.

ಅಂತಹ ಹೇಳಿಕೆಯನ್ನು ಮ್ಯಾಜಿಸ್ಟ್ರೇಟರು ತಮ್ಮ ಕೊಠಡಿಯಲ್ಲಿ ಏಕಾಂತದಲ್ಲಿ ಬರೆದುಕೊಳ್ಳುತ್ತಾರೆ. ಪೊಲೀಸರಿಗಾಗಲಿ ವಕೀಲರಿಗಾಗಲಿ ಪ್ರವೇಶವಿಲ್ಲ. ಅವನು ಒಳಗೆ ಹೋದ ಮೇಲೆ ಬಾಗಿಲು ಮುಚ್ಚಿತು. ಮಲ್ಲವ್ವನೂ ನಾನೂ ಹೊರಗಿನ ಮೊಗಸಾಲೆಯಲ್ಲಿ ನಿಂತೆವು. ಕಿರಿಯರೇ, ಈ ಕೆಲಸದ ಬಹುಭಾಗ ಇಂಥದೇ ಆಗಿರುತ್ತದೆ. ಬೇರೊಬ್ಬರು ಒಳಗೆ ಹೋಗಿರುತ್ತಾರೆ, ನೀವು ಮುಚ್ಚಿದ ಬಾಗಿಲನ್ನು ನೋಡುತ್ತ ನಿಂತಿರುತ್ತೀರಿ. ಒಳಗೆ ಅವನು ಹೇಳುತ್ತಾನೆಯೇ, ಮತ್ತೆ ಊರಿಗೆ ಹೋಗಿದ್ದೆನೆನ್ನುತ್ತಾನೆಯೇ ನನಗೆ ತಿಳಿದಿರಲಿಲ್ಲ. ಮಲ್ಲವ್ವ ಬಾಯಲ್ಲಿ ಹುಲಿಗೆಮ್ಮನ ಹೆಸರು ಹೇಳಿಕೊಳ್ಳುತ್ತಿದ್ದಳು. ಸ್ವಲ್ಪ ಹೊತ್ತಿನ ನಂತರ ನಾನೂ ಹೇಳಿಕೊಳ್ಳತೊಡಗಿದೆ.

ಬಾಗಿಲು ತೆರೆಯಿತು. ಹನುಮಂತನ ಅಂಗಿಯ ಬೆನ್ನು ಪೂರ್ತಿ ಒದ್ದೆಯಾಗಿತ್ತು.

"ಎಲ್ಲಾ ಹೇಳೇನ್ರೀ" ಎಂದ. ಆಮೇಲೆ ಅಕ್ಕನ ಕಡೆಗೆ ತಿರುಗಿದ. "ಎಲ್ಲಾ ಹೇಳೇನಕ್ಕ."

ಮಲ್ಲವ್ವ ಸೆರಗಿನ ತುದಿಯಿಂದ ಅವನ ಹಣೆಯ ಬೆವರನ್ನು ಒರೆಸಿದಳು, ಸಣ್ಣ ಮಕ್ಕಳಿಗೆ ಒರೆಸಿದಂತೆ, ಸ್ವಲ್ಪ ಒರಟಾಗಿ. ಅವನು ಒರೆಸಲು ಬಿಟ್ಟುಕೊಂಡು, ಅವಳ ಹೆಗಲ ಮೇಲಿಂದ ನನ್ನನ್ನು ನೋಡಿದ.

"ಇನ್ನ ರೂಮಿಗೆ ಹ್ಯಾಂಗ ಹೋಗೂದ್ರೀ ಮೇಡಂ?"

ಕಾನೂನಿನಲ್ಲಿ ಸಾಕ್ಷಿಗಳ ರಕ್ಷಣೆಗೆ ವ್ಯವಸ್ಥೆಯಿದೆ. ಅರ್ಜಿ ಹಾಕಬೇಕು, ವರದಿ ಬರಬೇಕು, ಸಮಿತಿ ಸೇರಬೇಕು. ಅದನ್ನೆಲ್ಲ ಅವನಿಗೆ ಕ್ರಮವಾಗಿ ವಿವರಿಸಲು ಬಾಯಿ ತೆರೆದೆ. ಅವರಿಬ್ಬರೂ ನನ್ನ ಮುಖವನ್ನೇ ನೋಡುತ್ತಿದ್ದರು.

"ನಮ್ಮ ಮನೆಗೆ ಬನ್ನಿ. ಮಕ್ಕಳನ್ನೂ ಕರೆದುಕೊಂಡು ಬನ್ನಿ" ಎಂದೆ.

ಹೇಳಿದ ಮೇಲೆ ಹೆದರಿಕೆಯಾಯಿತು.